ಸ್ಪಷ್ಟನೆ: ಗುಹೆಯ ಆ ನುಸಿ ಹೊಸದೇನಲ್ಲ

‘ಪೊಸಿಲೊಫೈಸಿಸ್ ಸ್ಪೀಲಿಯಾ’ ಹೊಸ ಗುಹಾ ನುಸಿ (ಮೈಟ್), ಹಳೆಯ ‘ರಾಗಿಡಿಯಾ ಸ್ಪೀಲಿಯಾ’ ಬೇರೆ ಎಂಬ ಮಾತು ಹರಿದಾಡುತ್ತಿದೆ. ತಪ್ಪು. ಎರಡೂ ಒಂದೇ ಜೀವಿ. ಈಗಿನ ಚೆಕ್ ಗಣರಾಜ್ಯದ ಮೊರಾವಿಯಾದ ಗುಹೆಗಳನ್ನು ಜಾಲಾಡಿದ ವೈದ್ಯ ಯಿಂಡ್ರಿಕ್ ವಾಂಕೆಲ್ 1861ರಲ್ಲೇ ಇದನ್ನು ವಿವರಿಸಿದ್ದರು. ಕುಲದ (ಜೀನಸ್) ಹೆಸರಾದ ‘ಪೊಸಿಲೊಫೈಸಿಸ್’ ಕೂಡ ಹೊಸದಲ್ಲ, 1876ರದ್ದು!

ಬದಲಾಗಿದ್ದು ವರ್ಗೀಕರಣ ಮಾತ್ರ: ‘ರಾಗಿಡಿಯಾ’ ಕುಲದಿಂದ ‘ಪೊಸಿಲೊಫೈಸಿಸ್’ ಕುಲಕ್ಕೆ. ಈ ನುಸಿಗಳ ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಪುಟ್ಟ ಗುಳಿಗಳಿವೆ. ಒಳಗೆ ಮಲಗಿದಂತೆ ಸಂವೇದಿ ರೋಮಗಳು. ಅವು ಎಷ್ಟಿವೆ, ಹೇಗೆ ಜೋಡಣೆಯಾಗಿವೆ ಎಂಬುದು ಕುಲ ಗುರುತಿಸಲು ಮುಖ್ಯ. ಸಂಗ್ರಹಾಲಯದ ಹಳೇ ಗಾಜಿನ ಸ್ಲೈಡಿನಲ್ಲೂ ಇದು ಕಾಣುತ್ತದೆ. ಅದಕ್ಕಾಗಿ ಮತ್ತೆ ಗುಹೆಗೆ ಇಳಿಯಲೇಬೇಕೆಂದಿಲ್ಲ.

ಅನುಮಾನವಿದ್ದರೆ ಪೂರ್ತಿ ವೈಜ್ಞಾನಿಕ ಹೆಸರು ನೋಡಿ. ‘ವಾಂಕೆಲ್, 1861’ ಕಂಸದೊಳಗಿರುತ್ತದೆ ಅಲ್ವಾ? ಪ್ರಭೇದ ಹಳೆಯದು, ಕುಲ ಬದಲಾಗಿದೆ ಎಂದೇ ಅದರ ಅರ್ಥ.