ಫ್ರೆಂಚರ ತೊಂಬತ್ತೊಂಬತ್ತು

ಕಾಲೇಜಿನ ಫ್ರೆಂಚ್ ಪುಸ್ತಕದಲ್ಲಿ ಸಾಮಾನ್ಯವಾಗಿ ಪಾಠದ ಕೊನೆಗೊಂದು ಬಣ್ಣದ ಪುಟ ಇರುತ್ತದೆ. ತಲೆಬರಹ 'ಸಂಸ್ಕೃತಿ'. 1889ರಲ್ಲಿ ಎದ್ದು ನಿಂತ ಐಫೆಲ್ ಗೋಪುರ, ಉದ್ದನೆಯ ಬ್ರೆಡ್ಡು, ಚೀಸು, ಜುಲೈ 14ರ ಮೆರವಣಿಗೆ. ನೋಡಲು ಚೆಂದ, ಟಿಪ್ಪಣಿ ಬರೆಯಲೂ ಸುಲಭ. ಆದರೆ ಫ್ರೆಂಚರ ಸ್ವಭಾವ ಗೊತ್ತಾಗುವುದು ಅದಕ್ಕಿಂತ ಹಿಂದಿನ, ಎಲ್ಲರೂ ಶಪಿಸುವ ವ್ಯಾಕರಣದ ಪುಟಗಳಲ್ಲೇ ಅಂತ ನನಗನ್ನಿಸುತ್ತದೆ.

ಅಂಕಿಗಳನ್ನೇ ನೋಡಿ. ಅರವತ್ತೊಂಬತ್ತರವರೆಗೆ ಎಲ್ಲ ಸಲೀಸು. ಎಪ್ಪತ್ತು ಬಂದಾಗ 'ಅರವತ್ತು-ಹತ್ತು' ಅನ್ನಬೇಕು. ಎಂಬತ್ತು ಅಂದರೆ 'ನಾಲ್ಕು ಇಪ್ಪತ್ತು'. ತೊಂಬತ್ತೊಂಬತ್ತಂತೂ 'ನಾಲ್ಕು ಇಪ್ಪತ್ತು ಹತ್ತು ಒಂಬತ್ತು'! ಸಾಲದ್ದಕ್ಕೆ ಫೋನ್ ನಂಬರನ್ನು ಅವರು ಎರಡೆರಡು ಅಂಕಿ ಕೂಡಿಸಿ ಹೇಳುತ್ತಾರೆ. 'ಅರವತ್ತು' ಕೇಳಿಸಿತೆಂದು ನೀವು 6 ಬರೆದಿರುತ್ತೀರಿ. ಬೆನ್ನಿಗೇ 'ಹದಿನೈದು' ಬಂದು ಅದು 75 ಆಗಿಬಿಡುತ್ತದೆ. ಇಪ್ಪತ್ತಿಪ್ಪತ್ತಾಗಿ ಎಣಿಸುವುದು ಅಲ್ಲಿ ಹಳೇ ಅಭ್ಯಾಸ. ಪ್ಯಾರಿಸ್‌ನಲ್ಲಿ ಕ್ಯಾಂಜ್-ವ್ಯಾಂ ಅನ್ನುವ ಕಣ್ಣಿನ ಆಸ್ಪತ್ರೆ ಈಗಲೂ ಇದೆ. 'ಹದಿನೈದು ಇಪ್ಪತ್ತು' ಅಂತ ಅದರರ್ಥ. 13ನೇ ಶತಮಾನದಲ್ಲಿ ರಾಜ ಒಂಬತ್ತನೇ ಲೂಯಿ ಮುನ್ನೂರು ಅಂಧರಿಗಾಗಿ ಕಟ್ಟಿಸಿದ ಆಸರೆ ಅದು. ಪಕ್ಕದ ಬೆಲ್ಜಿಯಂ, ಸ್ವಿಟ್ಜರ್‌ಲ್ಯಾಂಡಿನ ಫ್ರೆಂಚ್ ಭಾಷಿಕರು ಎಪ್ಪತ್ತಕ್ಕೂ ತೊಂಬತ್ತಕ್ಕೂ ಬೇರೆಯದೇ ಪದ ಇಟ್ಟುಕೊಂಡು ಆರಾಮಾಗಿದ್ದಾರೆ. ತಮಾಷೆ ಏನಪ್ಪಾ ಅಂದರೆ, ಕ್ರಾಂತಿಯ ಬಿಸಿಯಲ್ಲಿ ಎಲ್ಲವನ್ನೂ ಹತ್ತರ ಲೆಕ್ಕಕ್ಕೆ ತಂದು, 1795ರಲ್ಲಿ ಮೀಟರು, ಲೀಟರು, ಗ್ರಾಮುಗಳನ್ನು ಕಾನೂನಾಗಿಸಿದವರೂ ಇದೇ ಫ್ರೆಂಚರು. ಅಳತೆ ಬದಲಾಯಿತು. ಬಾಯಿ ಬದಲಾಗಲಿಲ್ಲ.

ಇನ್ನು ಲಿಂಗ. ಕನ್ನಡದಲ್ಲಿ ಕುರ್ಚಿ, ಪೆನ್ನು ಎಲ್ಲ ಸುಮ್ನೆ 'ಅದು'. ಅಲ್ಲಿ ಕುರ್ಚಿ ಹೆಣ್ಣು, ಪೆನ್ನು ಗಂಡು. ಹೋಗಲಿ ಅಂದರೆ ಗಡ್ಡ, ಮೀಸೆ ಎರಡೂ ಸ್ತ್ರೀಲಿಂಗ! ಕಾರಣ ಕೇಳಬಾರದು. ಕೇಳಿದರೆ 'ಹಾಗೇ ಕಲಿತುಬಿಡಿ' ಅನ್ನುವುದು ಎಲ್ಲ ಮೇಷ್ಟ್ರುಗಳ ಉತ್ತರ.

ಕನ್ನಡದವರಿಗೆ ಜೀವ ಬರುವುದು ನೀನು-ನೀವು ಪಾಠದಲ್ಲಿ. 'ತು' ಯಾರಿಗೆ, 'ವೂ' ಯಾರಿಗೆ ಅಂತ ಇಂಗ್ಲಿಷ್ ಮಾತ್ರ ಬಲ್ಲವರು ತಲೆ ಕೆರೆದುಕೊಳ್ಳುವಾಗ ನಮ್ಮವರು ಹಾಯಾಗಿ ಕಿಟಕಿಯಾಚೆ ನೋಡಬಹುದು.

ಆ ಸುಖ ಕಾಗುಣಿತ ಬರುವ ತನಕ ಮಾತ್ರ. ಬರೆದದ್ದನ್ನೆಲ್ಲ ಓದುವ ಕನ್ನಡದಿಂದ ಹೋದವರಿಗೆ, ಬರೆದೂ ಓದದ ಅಷ್ಟೊಂದು ಅಕ್ಷರ ಕಂಡರೆ ಹೊಟ್ಟೆ ಉರಿಯುತ್ತದೆ. 'ಅವನು ಮಾತಾಡುತ್ತಾನೆ', 'ಅವರು ಮಾತಾಡುತ್ತಾರೆ' ಬರೆಯುವುದು ಬೇರೆ ಬೇರೆ, ಕಿವಿಗೆ ಎರಡೂ 'ಇಲ್ ಪಾರ್ಲ್'. ಆದರೂ ಒಂದಕ್ಷರ ಮುಟ್ಟಿದರೆ ಅಲ್ಲಿ ಜಗಳ. ಭಾಷೆ ಕಾಯಲೆಂದೇ 1635ರಿಂದ ಫ್ರೆಂಚ್ ಅಕಾಡೆಮಿ ಇದೆ. ನಲವತ್ತು ಪೀಠ. ಕೂರುವವರಿಗೆ 'ಅಮರರು' ಅಂತ ಹೆಸರು, ಹಸಿರು ಕಸೂತಿಯ ಕೋಟು, ಸೊಂಟಕ್ಕೆ ಕತ್ತಿ. ಕಾಗುಣಿತಕ್ಕೆ ಕತ್ತಿ ಯಾಕೋ! 1990ರಲ್ಲಿ ಕಾಗುಣಿತ ಸುಧಾರಣೆ ಬಂತು. ಈರುಳ್ಳಿ ಅನ್ನುವ ಫ್ರೆಂಚ್ ಪದದಲ್ಲಿದ್ದ ಒಂದು 'ಐ' ಬಿಡಬಹುದು, ಕೆಲವು ಅಕ್ಷರಗಳ ತಲೆ ಮೇಲಿನ ಟೋಪಿ ತೆಗೆಯಬಹುದು ಎಂದರು. ಒತ್ತಾಯವೇನೂ ಇರಲಿಲ್ಲ. ಅಷ್ಟಕ್ಕೇ 2016ರಲ್ಲಿ, ಹೊಸ ಕಾಗುಣಿತ ಶಾಲೆ ಪುಸ್ತಕಕ್ಕೆ ಬರುತ್ತದೆ ಎಂದು ಸುದ್ದಿಯಾದಾಗ, ದೇಶವೇ ಈರುಳ್ಳಿ, ಟೋಪಿ ಅಂತ ಕೂಗಾಡಿತು. ಅಕ್ಷರಕ್ಕಾಗಿ ಇಷ್ಟು ಸಿಟ್ಟಾಗುವ ಜನ ನನಗಂತೂ ಇಷ್ಟ. ಚೀಸಿನ ಚಿತ್ರ ನೋಡಿ ಇದು ಗೊತ್ತಾಗುತ್ತಿತ್ತಾ?

ಬೀದಿಯ ಹುಡುಗರು ಮಾತ್ರ ಈ ಅಮರರನ್ನು ಕೇಳಿಕೊಂಡು ಮಾತಾಡುವುದಿಲ್ಲ. ಪದವನ್ನು ತಿರುಗಾಮುರುಗಾ ಮಾಡುವುದು ಅವರ ಆಟ. ಥ್ಯಾಂಕ್ಸ್ ಅನ್ನುವ 'ಮೆರ್ಸಿ' ಹೋಗಿ 'ಸಿಮೆರ್' ಆಗುತ್ತದೆ. ಇದಕ್ಕೆ 'ವೆರ್ಲಾಂ' ಅಂತ ಹೆಸರು. ಪರೀಕ್ಷೆಗೆ ಬರುವುದಿಲ್ಲವಲ್ಲ, ಹಾಗಾಗಿ ಇಡೀ ಕ್ಲಾಸಿಗೆ ಒಂದೇ ದಿನದಲ್ಲಿ ಬಾಯಿಪಾಠ ಆಗುತ್ತದೆ.