ಕೂಲಿಮಠಗಳು ಮುಚ್ಚಿದ್ದು ನಷ್ಟವೇ?

ಪರ

ನಷ್ಟವೇ. ಊರಿನವರು ಕೊಡುವ ಕೂಲಿಯ ಮೇಲೆ ಐಗಳು, ಎಂದರೆ ಮೇಷ್ಟ್ರು, ಜಗಲಿಯಲ್ಲಿ ನಡೆಸುತ್ತಿದ್ದ ಹಳೆಯ ಶಾಲೆಯೇ ಕೂಲಿಮಠ. 1823ರ ಆಗಸ್ಟ್‌ನಲ್ಲಿ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸಿಗೆ ಕಳಿಸಿದ ವರದಿಯನ್ನು ಓದಿದ ಯಾರೂ ಕೂಲಿಮಠವನ್ನು ಹಗುರಾಗಿ ಕಾಣಲಾರರು. ಇಂದಿನ ಆಂಧ್ರದ ಕೆಲ ಭಾಗಗಳೂ ಸೇರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226, ಇಂಗ್ಲಿಷ್ ಶಾಲೆ ಒಂದೇ ಒಂದು. ಆ ಹೊತ್ತಿಗೆ ಒಂದಕ್ಕೂ ಸರ್ಕಾರದ ಕಾಸು ಬರುತ್ತಿರಲಿಲ್ಲ. ಐಗಳನ್ನು ಸಾಕುತ್ತಿದ್ದವರು ಊರಿನವರೇ.

ಅಲ್ಲಿ ಅಕ್ಷರ ಕಲಿಸುತ್ತಿದ್ದ ಕ್ರಮ ನೋಡಿ. ಐದರ ವಯಸ್ಸಿನಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸುವುದು. ಆಮೇಲೆ ನೆಲದ ಮೇಲೆ ಹರಡಿದ ಮರಳು. ಮರಳು ನುಣ್ಣಗಿರಬೇಕು, ಒಣಗಿರಬೇಕು. ದಪ್ಪ ಮರಳಾದರೆ ಗೆರೆಯ ಅಂಚು ಕುಸಿಯುತ್ತದೆ, ಒದ್ದೆಯಾದರೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಕನ್ನಡದ ಅಕ್ಷರ ಗುಂಡಗಿನದು. ‘ಅ’ದ ಸುರುಳಿ, ‘ಠ’ದ ದುಂಡು ಮರಳಿನಲ್ಲಿ ಅಂಗೈಯಗಲ ಮೂಡುವಾಗ ಮಗುವಿನ ಇಡೀ ತೋಳು ತಿರುಗುತ್ತದೆ. ತಪ್ಪಿದರೆ ಅಂಗೈಯಲ್ಲಿ ಒರೆಸಿ ಮತ್ತೆ ತಿದ್ದುವುದು. ಎಳೆಯ ಬೆರಳಿಗೆ ಮೊದಲ ದಿನವೇ ಬಳಪ ಕೊಟ್ಟರೆ ಅದು ಬಿಗಿಹಿಡಿತ ಹಿಡಿಯುತ್ತದೆ, ಅಕ್ಷರ ಮುದುಡಿಕೊಳ್ಳುತ್ತದೆ.

ಮರಳಾದ ಮೇಲೆ ಹಲಗೆ: ಒಂದಡಿ ಅಗಲ, ಮೂರಡಿ ಉದ್ದದ ಮರ. ಅದನ್ನು ನುಣ್ಣಗೆ ಹೆರೆದು, ಅನ್ನದೊಂದಿಗೆ ಇದ್ದಿಲ ಪುಡಿ ಬೆರೆಸಿ ಬಳಿದರೆ ಬರೆಯಲು ಸಿದ್ಧ. ಇನ್ನೊಂದು ಕಡತ. ಬಟ್ಟೆಗೆ ಅನ್ನದ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಮಿಶ್ರಣ ಬಳಿಯುತ್ತಿದ್ದರು. ಎರಡರ ಮೇಲೂ ಬಳಪದಲ್ಲಿ ಬರೆದು ಒದ್ದೆಬಟ್ಟೆಯಿಂದ ಒರೆಸಬಹುದಿತ್ತು. ಮನೆಯ ಒಲೆಯ ಇದ್ದಿಲು, ಅಡುಗೆಯ ಗಂಜಿ. ಅಂಗಡಿಗೆ ಹೋಗುವ ಮಾತೇ ಇಲ್ಲ. ಓಲೆಗರಿ, ಅದರ ಮೇಲೆ ಕೊರೆದು ಬರೆಯುವ ಕಂಠ, ಕಾಗದ ಕೈ ಪಳಗಿದವರಿಗೆ.

ಮಗ್ಗಿಯಲ್ಲಿ ಕಾಲು, ಅರೆ, ಮುಕ್ಕಾಲು, ವೀಸ ಎಲ್ಲವೂ ಬರುತ್ತಿದ್ದವು. ವೀಸವೆಂದರೆ ಹದಿನಾರರಲ್ಲೊಂದು ಪಾಲು. ಸೇರಿಗೆ ಆರಾಣೆಯಾದರೆ ಮುಕ್ಕಾಲು ಸೇರಿಗೆ ಎಷ್ಟು? ಮುಕ್ಕಾಲಿನ ಮಗ್ಗಿ ಬಂದ ಹುಡುಗ ಬಳಪ ಮುಟ್ಟದೆ ನಾಲ್ಕೂವರೆ ಎನ್ನುತ್ತಿದ್ದ. ಸಂತೆಯಲ್ಲಿ ಬೇಕಾದ ಲೆಕ್ಕ ಅದೇ.

ಮುಂದಿದ್ದ ಹುಡುಗ ಹಿಂದಿದ್ದವನಿಗೆ ಕಲಿಸುವ ಪದ್ಧತಿಯಂತೂ ಅಪ್ಪಟ ನಮ್ಮದು. ನಾಡಶಾಲೆಯೊಂದರ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡೇ ಪಾದ್ರಿ ಆಂಡ್ರೂ ಬೆಲ್ ಮದರಾಸಿನ ಅನಾಥಾಲಯಕ್ಕೆ ಮರಳ ಬರಹ ತಂದು, ದೊಡ್ಡ ಹುಡುಗರಿಂದಲೇ ಚಿಕ್ಕವರಿಗೆ ಕಲಿಸಹೊರಟ. 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ಪುಸ್ತಕ ಅಚ್ಚಾಯಿತು. ಇಂಗ್ಲೆಂಡಿನ ಬಡಮಕ್ಕಳು ‘ಮದರಾಸ್ ಪದ್ಧತಿ’ಯಲ್ಲಿ ಕಲಿತರು. ಕೂಲಿಮಠ ಕೆಟ್ಟದ್ದಾಗಿದ್ದರೆ ಕೊಂಡೊಯ್ದದ್ದೇಕೆ?

ಮುಚ್ಚಿದ್ದೇಕೆಂದೂ ಕ್ಯಾಂಪ್‌ಬೆಲ್ಲನೇ ಬರೆದಿದ್ದಾನೆ: ಯುರೋಪಿನ ಬಟ್ಟೆ ಬಂದು ಇಲ್ಲಿನ ನೆಯ್ಗೆಯವರ ಗಳಿಕೆ ಕುಸಿಯಿತು, ದೇಶದ ಹಣ ಹೊರಗೆ ಹರಿಯಿತು, ಐಗಳಿಗೆ ಕೊಡಲು ಕಾಸಿಲ್ಲದಾಯಿತು. ಉಳಿದವನ್ನು ಮದರಾಸು ಪ್ರಾಂತದಲ್ಲಿ ಮುಂದೆ ಬಂದ ಫಲಿತಾಂಶದ ಅನುದಾನ ಬದಲಿಸಿತು. ಪರೀಕ್ಷಕರು ಬಂದು ಓದು, ಬರಹ, ಲೆಕ್ಕ ಪರೀಕ್ಷಿಸಿದ ಮೇಲೆ ತೇರ್ಗಡೆಯಾದ ತಲೆಗಿಷ್ಟು ಹಣ. ಐಗಳು ನಿಗದಿಯಾದ ಪಠ್ಯದ ಪುಟಗಳನ್ನೇ ಉರು ಹೊಡೆಸತೊಡಗಿದರು. ಸುಗ್ಗಿಗೆ ಹೋಗಿ ಬಂದ ಹುಡುಗನನ್ನು ಬಿಟ್ಟ ಕಡೆಯಿಂದಲೇ ಹಿಡಿದು ಕಲಿಸಬಹುದಾಗಿದ್ದ ಜಗಲಿಯಲ್ಲಿ ಅವನೀಗ ಹಣ ತಾರದ ಹಾಜರಿ.

ಹೆಣ್ಣುಮಕ್ಕಳಿರಲಿಲ್ಲ ಎನ್ನುತ್ತಾರೆ. ಅದು ಅಂದಿನ ಸಮಾಜದ ದೋಷ, ಕಲಿಸುವ ಕ್ರಮದ ದೋಷವಲ್ಲ. ಮರಳು ಯಾರ ಬೆರಳನ್ನೂ ಬೇಡವೆನ್ನಲಿಲ್ಲ.

ವಿರೋಧ

ನಷ್ಟವಲ್ಲ ಎನ್ನುವವರ ಕಡೆಯಿಂದ ನಾನು ಬರೆಯುತ್ತಿದ್ದೇನೆ. ಕಡತ, ಮಗ್ಗಿಗಳ ಗುಣದ ಬಗ್ಗೆ ನನಗೂ ತಕರಾರಿಲ್ಲ. ಆದರೆ ಮರಳಲ್ಲಿ ಬರೆಸಿದರೆ ಸಾಕು, ಊರೆಲ್ಲ ವಿದ್ಯಾವಂತವಾಗುತ್ತದೆ ಎನ್ನುವಂಥ ಮಾತನ್ನು ಒಪ್ಪಲಾರೆ.

ಅದೇ ವರದಿಯ ಲೆಕ್ಕ ನೋಡಿ. 533 ಶಾಲೆಗಳಲ್ಲಿ ಕಲಿಯುತ್ತಿದ್ದವರು 6,641. ಅವರಲ್ಲಿ ಹುಡುಗಿಯರು 60. ಎಂಟೊಂಬತ್ತು ಶಾಲೆ ಸುತ್ತಿದರೆ ಒಬ್ಬ ಹುಡುಗಿ. ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು.

ಬೆಳಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಿತ್ತು. ಸೋಮಾರಿಗೆ ಬಸ್ಕಿ, ಇಲ್ಲವೇ ಎರಡೂ ಕೈ ಕಟ್ಟಿ ಸೂರಿಗೆ ಎಳೆದು ನೇತುಹಾಕುವ ಕೋದಂಡ. ಹಳೆಯ ಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಗಿಣಿಪಾಠ ಮಾಡಿಸುತ್ತಿದ್ದರೆಂದೂ, ಎಷ್ಟೋ ವೇಳೆ ಕಲಿಸುವವರಿಗೇ ಅರ್ಥ ತಿಳಿಯದೆಂದೂ ಕ್ಯಾಂಪ್‌ಬೆಲ್ ದೂರಿದ್ದಾನೆ. ಹೊಗಳಿಕೆಗೆ ಅವನನ್ನು ಸಾಕ್ಷಿ ಕರೆದವರು ಇದಕ್ಕೂ ಕರೆಯಬೇಕು.

1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಅಸ್ಪೃಶ್ಯರೆನಿಸಿದ್ದ ಮಹಾರ್ ಜಾತಿಯ ಹುಡುಗನೊಬ್ಬನನ್ನು ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ; ಆ ಸರ್ಕಾರವೂ ಕೈಬಿಟ್ಟಿತು. ಆದರೆ ಆ ಅರ್ಜಿ ಅಲ್ಲಿಗೇ ಮುಗಿಯಲಿಲ್ಲ. 1858ರ ಹೊತ್ತಿಗೆ, ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ಮಾತು ನಿಯಮವಾಗಿ ಹೊರಬಿತ್ತು. ಅದು ಜಾರಿಯಾಗಲು ಬಹುಕಾಲ ಹಿಡಿಯಿತು, ನಿಜ. ಆದರೂ ಆ ಹುಡುಗನ ಕೈಯಲ್ಲಿ ಒಂದು ಕಾಗದವಿತ್ತು, ಅದನ್ನು ಕೊಡಲು ಒಂದು ಕಚೇರಿ ಇತ್ತು. ಐಗಳು ಜಗಲಿ ಹತ್ತಬೇಡ ಎಂದಿದ್ದರೆ ಅವನು ಅರ್ಜಿ ಕೊಡುವುದಾದರೂ ಯಾರಿಗೆ?