ಉಪ್ಪಿಟ್ಟಿನ ರವೆಯೂ ಆದಿತಾಳವೂ

ರಾಮ ಹುಟ್ಟಿದ್ದು ಒಂದೇ ದಿನವಾದರೂ ಬೆಂಗಳೂರಿನಲ್ಲಿ ಆತನ ಹುಟ್ಟುಹಬ್ಬ ಒಂದು ತಿಂಗಳಾದರೂ ನಡೆಯದೆ ಮುಗಿಯುವುದಿಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ದೊಡ್ಡ ಚಪ್ಪರದಿಂದ ಹಿಡಿದು ಬಡಾವಣೆಯ ಮೂಲೆಯ ಆಂಜನೇಯನ ಗುಡಿಯವರೆಗೆ, ಸಂಜೆಯಾಯಿತೆಂದರೆ ಸಂಗೀತ ಕಚೇರಿ. ನನ್ನಂಥ ಮೃದಂಗದವನ ವರ್ಷದ ಸಂಪಾದನೆಯಲ್ಲಿ ದೊಡ್ಡ ಪಾಲು ಈ ಕಾಲದ್ದೇ. ಮಗನ ಶಾಲೆಯ ಶುಲ್ಕ, ವಿಮೆಯ ಕಂತು, ಸ್ಕೂಟರಿನ ರಿಪೇರಿ ಎಲ್ಲವನ್ನೂ "ರಾಮನವಮಿ ಆಗಲಿ" ಎಂದು ಮುಂದೂಡುವುದು ನಮ್ಮ ಮನೆಯ ಆರ್ಥಿಕ ನೀತಿ. ರಾತ್ರಿಯ ಊಟದ ಖರ್ಚೂ ಆಗ ಅಷ್ಟಿರುವುದಿಲ್ಲ. ಕೋಸಂಬರಿಯನ್ನು ಎರಡು ದೊನ್ನೆ ಕೇಳಿ ಪಡೆಯುವ ಕಲೆ ಬಲ್ಲವನಿಗೆ ಪಾನಕದಲ್ಲೇ ಹೊಟ್ಟೆ ತುಂಬುತ್ತದೆ.

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿಯವರು ಟಿವಿಯಲ್ಲಿ ಕಾಣಿಸಿಕೊಂಡು, ಕೊರೋನಾ ಬಂದಿದೆ, 21 ದಿನ ಯಾರೂ ಹೊಸಿಲು ದಾಟಬಾರದು ಎಂದರು. ರಾಮನವಮಿ ಏಪ್ರಿಲ್ 2ಕ್ಕೆ. ಲೆಕ್ಕದಲ್ಲಿ ಪಳಗಿದ ಮನುಷ್ಯ ನಾನು. ಏಳರ ಗುಂಪನ್ನೂ ಐದರ ಗುಂಪನ್ನೂ ಸೇರಿಸಿ ಹೇಗಾದರೂ ತಾಳದ ಮೊದಲ ಪೆಟ್ಟಾದ ಸಮಕ್ಕೆ ತಂದು ಇಳಿಸುವುದೇ ನನ್ನ ಕಸುಬು. ಆದರೆ ಈ 21ನ್ನು ಯಾವ ಎಡುಪಿನಿಂದ, ಅಂದರೆ ತಾಳದ ಯಾವ ಜಾಗದಿಂದ, ಎತ್ತಿಕೊಂಡರೂ ಅದು ರಾಮನವಮಿಯ ಆಚೆಗೇ ಹೋಗಿ ಬೀಳುತ್ತಿತ್ತು.

ಅದಕ್ಕೂ ಮೊದಲು, ಮಾರ್ಚ್ 22ರ ಸಂಜೆ ಐದಕ್ಕೆ ಬೀದಿಯವರೆಲ್ಲ ಬಾಲ್ಕನಿಗೆ ಬಂದು ತಟ್ಟೆ ಬಡಿದದ್ದು ನಿಮಗೂ ನೆನಪಿರಬಹುದು. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಜಾಗಟೆ ಹಿಡಿದು, "ಏನು ಸ್ವಾಮಿ, ಕಲಾವಿದರೇ ಸುಮ್ಮನೆ ನಿಂತಿದ್ದೀರಲ್ಲ!" ಎಂದು ಕೂಗಿದರು. ಸುಮ್ಮನಿರದೆ ಏನು ಮಾಡಲಿ? ಬೀದಿಯಲ್ಲಿ ಎಷ್ಟು ಮನೆಯೋ ಅಷ್ಟು ಕಾಲಪ್ರಮಾಣ, ಒಬ್ಬೊಬ್ಬರದು ಒಂದೊಂದು ವೇಗ. ಇಡೀ ಸಮುದಾಯದಲ್ಲಿ ಕೊನೆಯ ಮನೆಯ ಮೂರು ವರ್ಷದ ಹುಡುಗಿಯೊಬ್ಬಳು ಮಾತ್ರ ಸ್ಟೀಲ್ ಲೋಟದ ಮೇಲೆ ಮೂರು ಮೂರರ ಶುದ್ಧವಾದ ತಿಶ್ರ ನಡೆ ನುಡಿಸುತ್ತಿದ್ದಳು. ಅವಳ ಅಮ್ಮ ಅದನ್ನು ಕಿತ್ತುಕೊಂಡು "ಹೀಗಲ್ಲ ಪುಟ್ಟಿ, ಜೋರಾಗಿ" ಎಂದು ತೋರಿಸಿಕೊಟ್ಟರು.

ಗಾಯಕರಾದರೆ ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು ಒಬ್ಬರೇ ಕುಳಿತು ಹಾಡಬಹುದು. ವೀಣೆಯವರು, ಕೊಳಲಿನವರು ಸ್ವಾವಲಂಬಿಗಳು. ಮೃದಂಗದವನ ಪಾಡು ಹಾಗಲ್ಲ. ಹಾಡುವವರು ಉಸಿರೆಳೆದುಕೊಳ್ಳುವ ರೀತಿ ನೋಡಿ, ಮುಂದಿನ ಸಂಗತಿ ಎತ್ತಲಿದೆಯೆಂದು ಊಹಿಸಿ ಕೈಯಿಡುವವನು ಅವನು. ನನ್ನ ಹೆಂಡತಿಗೆ ಹಾಡು ಬರುವುದಿಲ್ಲ. ಇದನ್ನು ಆಕೆ ಮದುವೆಗೆ ಮೊದಲೇ ಸ್ಪಷ್ಟಪಡಿಸಿದ್ದಳು. ಹಾಗಾಗಿ ಆಕೆ ಫೋನಿನಲ್ಲಿ ಅಂಗಡಿಯವರಿಗೆ ದಿನಸಿ ಪಟ್ಟಿ ಓದುವಾಗ ನಾನು ಮಂಚದ ಅಂಚಿನ ಮೇಲೆ ಅದಕ್ಕೇ ನುಡಿಸತೊಡಗಿದೆ. ತೊಗರಿಬೇಳೆ, ಉದ್ದಿನಬೇಳೆ ಎರಡೂ ಐದರ ಖಂಡ ನಡೆಗೆ ಹೇಳಿ ಮಾಡಿಸಿದಂತಿವೆ. ಸಕ್ಕರೆ ತಿಶ್ರ. "ರವೆ ಇಲ್ಲವಂತೆ" ಎಂದು ಆಕೆ ಫೋನಿಟ್ಟಾಗ ಮಾತ್ರ ತಾಳ ತಪ್ಪಿತು.

ರವೆಯ ಸಂಕಟ ಮೃದಂಗ ಮುಟ್ಟದವರಿಗೆ ಅರ್ಥವಾಗುವುದಿಲ್ಲ. ಬಲಗಡೆಯ ಚರ್ಮದ ಮುಚ್ಚಿಗೆಗೆ ಕರಣೆಯೆಂಬ ಕಪ್ಪು ಲೇಪ ಶಾಶ್ವತವಾಗಿ ಕೂತಿರುತ್ತದೆ. ಎಡಗಡೆಗೆ ಹಾಗಿಲ್ಲ, ಪ್ರತಿ ಸಲ ನುಡಿಸುವ ಮೊದಲು ಸಣ್ಣ ರವೆಯನ್ನು ನೀರಿನಲ್ಲಿ ನಾದಿ, ಚರ್ಮದ ನಡುವೆ ಬಿಲ್ಲೆಯಾಗಿ ಮೆತ್ತಬೇಕು. ಆ 'ಗುಂ' ಎನ್ನುವ ಗಂಭೀರ ನಾದ ಬರುವುದು ಆ ಹಿಟ್ಟಿನ ಭಾರದಿಂದ. ಮುಗಿದ ಮೇಲೆ ಕೆರೆದು ಎಸೆಯಬೇಕು. ಅಂಗಡಿಯವರು ಮನೆಗೆ ಅರ್ಧ ಕಿಲೋದಂತೆ ಹಂಚುತ್ತಿದ್ದ ಕಾಲದಲ್ಲಿ, ಒಂದು ಹಿಡಿ ರವೆಯನ್ನು ದಿನಾ ಬೆಳಿಗ್ಗೆ ಮೆತ್ತಿ ಸಂಜೆ ಕಸದ ಬುಟ್ಟಿಗೆ ಹಾಕುವ ಗಂಡಸನ್ನು ಯಾವ ಹೆಂಗಸು ಸಹಿಸುತ್ತಾಳೆ? "ಉಪ್ಪಿಟ್ಟು ನೀವು ತಿನ್ನುತ್ತೀರೋ, ಅದಕ್ಕೆ ತಿನ್ನಿಸುತ್ತೀರೋ, ಒಂದು ತೀರ್ಮಾನಕ್ಕೆ ಬನ್ನಿ" ಎಂದು ಆಕೆ ಡಬ್ಬಿಯ ಹೊರಗೆ ಸ್ಕೆಚ್ ಪೆನ್ನಿನಲ್ಲಿ ಗೆರೆಯೆಳೆದಳು. ಗೆರೆಯ ಕೆಳಗಿನದು ಸಂಸಾರಕ್ಕೆ, ಮೇಲಿನದು ಸಂಗೀತಕ್ಕೆ. ಮೇಲಿನದು ಬೇಗ ಮುಗಿಯುತ್ತದೆಂಬುದು ಗೆರೆ ಬಿದ್ದಾಗಲೇ ಗೊತ್ತಿತ್ತು. ರಾಗಿಹಿಟ್ಟು ಮೆತ್ತಿ ನೋಡಿದೆ. ನಾದ ಬಂತು, ಆದರೆ ಶೋಕದ ನಾದ. ಉಳಿದ ಉಪ್ಪಿಟ್ಟನ್ನೇ ಮೆತ್ತಿದರೆ ಹೇಗೆ ಎಂದು ಮಗ ಕೇಳಿದ. ಸಾಸಿವೆ, ಕಡಲೆಬೇಳೆ ಅದುರಿ ಗಿಲಕಿಯೂ ಸೇರಿಕೊಳ್ಳುತ್ತದಂತೆ. ಇಂದಿನ ಮಕ್ಕಳ ಸೃಜನಶೀಲತೆ ಅಂಥದು.

ಏಪ್ರಿಲ್ ನಡುವಿನ ಹೊತ್ತಿಗೆ ಪಾಠವೆಲ್ಲ ವಿಡಿಯೊ ಕರೆಗೆ ಬಂತು. ಮೊದಲ ದಿನ ಅರ್ಧ ಗಂಟೆ ನುಡಿಸಿ ತೋರಿಸಿ ತಲೆಯೆತ್ತಿದರೆ ಪರದೆಯ ತುಂಬ ಸಪ್ಪೆ ಮುಖಗಳು. "ಸರ್, ನೀವು 'ತ ದಿ ತೊಂ ನಂ' ಎಂದು ಹೇಳಿದ್ದು ಕೇಳಿಸಿತು. ಕೈಯಾಡಿಸಿದ್ದೂ ಕಾಣಿಸಿತು. ಶಬ್ದ ಮಾತ್ರ ಬರಲಿಲ್ಲ" ಎಂದಳೊಬ್ಬ ವಿದ್ಯಾರ್ಥಿನಿ. ವಿಷಯವೇನೆಂದರೆ ಈ ತಂತ್ರಾಂಶಗಳು ಆಫೀಸಿನ ಮೀಟಿಂಗುಗಳಿಗೆಂದು ಹುಟ್ಟಿದವು. ಮನುಷ್ಯನ ಮಾತನ್ನು ಉಳಿಸಿ ಹಿನ್ನೆಲೆಯ ಗದ್ದಲವನ್ನು ಒರೆಸಿಹಾಕುವುದು ಅವುಗಳ ಧರ್ಮ. ಎಡೆಬಿಡದೆ ಮೊಳಗುವ ತಂಬೂರಿಯನ್ನು ಫ್ಯಾನಿನ ಸದ್ದೆಂದೂ, ಮೃದಂಗವನ್ನು ಪಕ್ಕದ ಮನೆಯಲ್ಲಿ ಮೊಳೆ ಹೊಡೆಯುವ ಸದ್ದೆಂದೂ ತಿಳಿದು ಅದು ಶ್ರದ್ಧೆಯಿಂದ ಅಳಿಸುತ್ತಿತ್ತು. ಆ ಅಭಿಪ್ರಾಯವನ್ನು ನಮ್ಮ ಮಾವನವರೂ ಹಿಂದೆ ವ್ಯಕ್ತಪಡಿಸಿದ್ದರು. ಆದರೆ ಅವರು ಮನುಷ್ಯರು, ಯಂತ್ರವೂ ಹಾಗೆ ಅಂದರೆ ನೋವಾಗುತ್ತದೆ. ಮೂಲ ಧ್ವನಿಯನ್ನು ಹಾಗೇ ಬಿಡು ಎಂದು ಅದಕ್ಕೆ ಹೇಳುವ ಗುಂಡಿ ಎಲ್ಲೋ ಒಳಗೆ ಅಡಗಿತ್ತು. ಅದನ್ನು ಹುಡುಕಿ ಕೊಟ್ಟವನೂ ಉಪ್ಪಿಟ್ಟಿನ ಮಗನೇ.

ಸದ್ದು ಬಂದ ಮೇಲೆ ತಾಳದ ಸಮಸ್ಯೆ. ಕ್ಯಾಲಿಫೋರ್ನಿಯಾದಲ್ಲಿ ನನಗೊಬ್ಬ ಶಿಷ್ಯನಿದ್ದಾನೆ, ಊರು ಮೂಲತಃ ಹಾಸನ. ನಾನು ಹೊಡೆದ ಪೆಟ್ಟು ಅವನಿಗೆ ಮುಟ್ಟಿ, ಅವನ ಪೆಟ್ಟು ನನಗೆ ಮರಳುವಷ್ಟರಲ್ಲಿ ಸುಮಾರು ಕಾಲು ಸೆಕೆಂಡ್ ಕಳೆದಿರುತ್ತಿತ್ತು. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ 80 ಮೀಟರ್ ದಾಟಿರುತ್ತದೆ. ಹೋಗಿ ಬರುವ ದಾರಿ ಅದು, ಅಂದರೆ ನಾವಿಬ್ಬರೂ 40 ಮೀಟರ್ ದೂರದಲ್ಲಿ, ಅರ್ಧ ಫುಟ್‌ಬಾಲ್ ಮೈದಾನದ ಆ ತುದಿ ಈ ತುದಿಯಲ್ಲಿ ಕುಳಿತು ಒಟ್ಟಿಗೆ ನುಡಿಸಿದ ಲೆಕ್ಕ. ಗುರುಭಕ್ತಿ ಇರುವ ಹುಡುಗ, ನನಗಾಗಿ ಕಾಯುತ್ತಾನೆ. ಶಿಷ್ಯವಾತ್ಸಲ್ಯ ಇರುವ ನಾನು ಅವನಿಗಾಗಿ ಕಾಯುತ್ತೇನೆ. ಮಧ್ಯಮ ಕಾಲದಲ್ಲಿ ಹೊರಟ ಆದಿತಾಳ ವಿಳಂಬಕ್ಕಿಳಿದು, ಅತಿವಿಳಂಬಕ್ಕಿಳಿದು, ಕೊನೆಗೆ ಇಬ್ಬರೂ ಕೈಯನ್ನು ಗಾಳಿಯಲ್ಲಿ ಹಿಡಿದು ಒಬ್ಬರನ್ನೊಬ್ಬರು ನೋಡುತ್ತ ನಿಂತುಬಿಡುತ್ತಿದ್ದೆವು. ಅಂತರ್ಜಾಲ ಕಡಿದುಹೋಗಿದೆಯೆಂದು ಅವನ ತಾಯಿ ರೂಟರ್ ಆರಿಸಿ ಮತ್ತೆ ಹಚ್ಚುತ್ತಿದ್ದರು.

ಇದೇ ಕಾರಣಕ್ಕೆ ಆ ದಿನಗಳ ವಿಡಿಯೊಗಳಲ್ಲಿ ಚೌಕಚೌಕವಾಗಿ ಕಾಣುತ್ತಿದ್ದ ಕಲಾವಿದರು ಯಾರೂ ಒಟ್ಟಿಗೆ ನುಡಿಸಿದವರಲ್ಲ. ಮೈಸೂರಿನ ಗಾಯಕಿ ಮೊದಲು ಹಾಡಿ ಕಳಿಸುತ್ತಾರೆ, ಉಡುಪಿಯ ಪಿಟೀಲಿನವರು ಅದನ್ನು ಕಿವಿಗೆ ಹಾಕಿಕೊಂಡು ಬಾರಿಸುತ್ತಾರೆ, ಕೊನೆಗೆ ನನ್ನ ಪಾಳಿ. ಪ್ರತಿಧ್ವನಿ ಬಾರದ ಜಾಗ ಬೇಕೆಂದು ನಾನು ಬೀರುವಿನ ಬಾಗಿಲು ತೆರೆದು ಹೆಂಡತಿಯ ರೇಷ್ಮೆ ಸೀರೆಗಳಿಗೆ ಮುಖ ಮಾಡಿ ಕುಳಿತೆ. ಮೈಸೂರು ಸಿಲ್ಕ್ ಶಬ್ದವನ್ನು ಬಹಳ ಚೆನ್ನಾಗಿ ಹೀರಿಕೊಳ್ಳುತ್ತದೆ. ಆ ಸೀರೆಗೆ ತೆತ್ತ ಹಣ ನನಗೆ ದಕ್ಕಿದ್ದು ಆಗಲೇ. ಗಾಯಕಿಯವರು ಮೆಟ್ರೊನೋಮ್ ಬೇಡವೆಂದಿದ್ದರು, ಲಯ ತಮ್ಮ ರಕ್ತದಲ್ಲೇ ಇದೆಯೆಂದು. ಇದ್ದದ್ದು ನಿಜ. ಆದರೆ ಚರಣದ ನಡುವೆ ಅವರ ಮನೆಯ ಕರೆಗಂಟೆ ಹೊಡೆದು, ಅವರು ಬಾಗಿಲ ಕಡೆಗೆ ಒಮ್ಮೆ ನೋಡಿ, ಮೂರು ಅಕ್ಷರ ಬಿಟ್ಟು ಮುಂದುವರಿದಿದ್ದರು. ಪಿಟೀಲಿನವರು ಆ ಸಂದಿಯಲ್ಲಿ ಒಂದು ಜಾರು ಎಳೆದು ಮಾನ ಮುಚ್ಚಿದರು. ನಾನು ಅಲ್ಲಿಗೆ ಬಿರುಸು ಪೆಟ್ಟುಗಳ ಒಂದು ಫರನ್ನನ್ನು ಮೂರು ಅಕ್ಷರಕ್ಕೆ ತುರುಕಿದೆ. ಪ್ರಸಾರವಾದ ಮೇಲೆ ಅತಿ ಹೆಚ್ಚು ಮೆಚ್ಚುಗೆ ಬಂದದ್ದು ಆ ಒಂದು ಜಾಗಕ್ಕೆ. "ಚರಣದಲ್ಲಿನ ಆ ಅನಿರೀಕ್ಷಿತ ವಿರಾಮ! ಎಂಥ ಮನೋಧರ್ಮ!" ಎಂದು ರಸಿಕರೊಬ್ಬರು ಬರೆದಿದ್ದರು. ಬಾಗಿಲಲ್ಲಿದ್ದ ಹಾಲಿನವನಿಗೆ ಆ ಮೆಚ್ಚುಗೆ ತಲುಪಲಿಲ್ಲ.

ಮರುದಿನ ಜಾಲತಾಣದಿಂದ ನೋಟಿಸು. ಹಾಡಿದ್ದು ತ್ಯಾಗರಾಜರ ಕೃತಿ. ಅವರು ತೀರಿಕೊಂಡದ್ದು 1847ರಲ್ಲಿ. ಅದರ ಹಕ್ಕು ಯಾವುದೋ ಧ್ವನಿಮುದ್ರಣ ಸಂಸ್ಥೆಯದೆಂದೂ, ನಮ್ಮ ವಿಡಿಯೊದ ಸದ್ದನ್ನು ಅಡಗಿಸಲಾಗಿದೆಯೆಂದೂ ಒಕ್ಕಣೆ. ಯಾರೋ ಮೂವತ್ತು ವರ್ಷದ ಹಿಂದೆ ಅದೇ ರಾಗ, ಅದೇ ತಾಳ, ಅದೇ ಶ್ರುತಿಯಲ್ಲಿ ಹಾಡಿದ್ದಕ್ಕೆ ನಮ್ಮದು ಹೋಲುತ್ತಿತ್ತಂತೆ. ಸಂಪ್ರದಾಯಕ್ಕೆ ಇಷ್ಟು ನಿಷ್ಠರಾಗಿದ್ದೇವೆಂದು ಇದಕ್ಕಿಂತ ಒಳ್ಳೆಯ ಪ್ರಶಸ್ತಿಪತ್ರ ಯಾರು ಕೊಡುತ್ತಾರೆ? ಗಾಯಕಿಯವರು ಅದನ್ನು ಮುದ್ರಿಸಿ ಇಟ್ಟುಕೊಂಡಿದ್ದಾರೆ.

ನೇರ ಪ್ರಸಾರದ್ದು ಬೇರೆಯೇ ಅವಮಾನ. ಮೃದಂಗದವನಿಗೆ ತಾನೇ ನುಡಿಸಲು ತನಿ ಆವರ್ತನ ಬಿಟ್ಟೊಡನೆ ಸಭಿಕರು ಕಾಫಿಗೆ ಏಳುತ್ತಾರೆಂಬುದು ಹಳೆಯ ಸತ್ಯ. ಸಭಾಂಗಣದಲ್ಲಿ ದೇವರ ದಯೆಯಿಂದ ಕತ್ತಲಿರುತ್ತದೆ, ಎಷ್ಟು ಜನ ಎದ್ದರೆಂದು ತಿಳಿಯುವುದಿಲ್ಲ. ಪರದೆಯ ಮೂಲೆಯಲ್ಲಾದರೋ ಸಂಖ್ಯೆಯೇ ಇರುತ್ತದೆ. ಮನೆಯ ಕೆಳಗೇ ಇರುವ ಘಟದ ಮಿತ್ರರೊಡನೆ ಒಮ್ಮೆ ಕುಳಿತಾಗ, ಗಾಯಕರ ಕೀರ್ತನೆ ಮುಗಿಯುವಾಗ 140 ಇದ್ದದ್ದು ನಾನು ಸರಳ ಓಟದ ಮೊದಲ ಸರ್ವಲಘು ನುಡಿಸುವಷ್ಟರಲ್ಲಿ 60ಕ್ಕೆ ಇಳಿಯಿತು. ಏಳರ ಮಿಶ್ರ ನಡೆಗೆ ಬಂದಾಗ 23. ಮುಕ್ತಾಯದ ತೀರ್ಮಾನ ಕೊಡುವ ಹೊತ್ತಿಗೆ ಉಳಿದವರು 9. ಅದರಲ್ಲಿ ಇಬ್ಬರು ನನ್ನ ಹೆಂಡತಿಯ ಎರಡು ಫೋನುಗಳು. ಮತ್ತೊಬ್ಬರು ಮೊದಲಿನಿಂದಲೂ ನಿಮಿಷಕ್ಕೊಮ್ಮೆ "ಶುಭ ಸಂಜೆ" ಎಂದು ಬರೆಯುತ್ತಿದ್ದರು.

ಮೇ ತಿಂಗಳ ಸೆಕೆಗೆ ಬಲಮುಚ್ಚಿಗೆ ಬಿಗಿದು ಶ್ರುತಿ ಏರಿ, ಮೊದಲ ಮಳೆಗೆ ಸಡಿಲಿ ಇಳಿದು, ಕೊನೆಗೆ ಎಲ್ಲಿಯೂ ನಿಲ್ಲದಾಯಿತು. ವಾದ್ಯ ಬಿಗಿಯುವವರ ಅಂಗಡಿಗೆ ಬೀಗ. ವಿಡಿಯೊ ಕರೆ ಮಾಡಿದೆ. ಅವರು ಯಾವುದೋ ಬೀದಿಯಲ್ಲಿ ತಳ್ಳುಗಾಡಿಯ ಹಿಂದೆ ನಿಂತಿದ್ದರು, ಗಾಡಿ ತುಂಬ ಬಾದಾಮಿ ಮಾವು. "ಫೋನನ್ನು ಮುಚ್ಚಿಗೆಯ ಹತ್ತಿರ ಹಿಡಿಯಿರಿ. ಒಂದೊಂದೇ ಕಣ್ಣು ನುಡಿಸುತ್ತ ಸುತ್ತ ಬನ್ನಿ" ಎಂದರು. ಬಲಗಡೆ ಹದಿನಾರು ಕಣ್ಣುಗಳಿರುತ್ತವೆ, ಬಾರು ಹಾಯುವ ಜಾಗಗಳು; ಎಲ್ಲದರಲ್ಲೂ ಒಂದೇ ಸ್ವರ ಬರಬೇಕು. ನಾನು ನುಡಿಸುತ್ತ ಹೋದೆ. ಅತ್ತಲಿಂದ ಗಿರಾಕಿ, "ಹುಳ ಇಲ್ಲ ತಾನೆ?" ಎನ್ನುತ್ತಿದ್ದರು. "ಇಲ್ಲಮ್ಮ, ರತ್ನಾಗಿರಿಯೂ ಇಷ್ಟು ಸಿಹಿ ಇಲ್ಲ. ಆರನೆಯದು ಇಳಿದಿದೆ ಸ್ವಾಮಿ, ಅಂಚಿನ ಹೆಣಿಗೆಗೆ ಕಲ್ಲಿನಿಂದ ಮೇಲಿಂದ ಕೆಳಕ್ಕೆ ಹೊಡೆಯಿರಿ. ಒಂದೂವರೆ ಕಿಲೋ ಬಂತಮ್ಮ. ಅಷ್ಟಲ್ಲ, ಮೆಲ್ಲಗೆ, ಹೆಣಿಗೆ ಕಿತ್ತುಹೋಗುತ್ತದೆ!" ಆರನೆಯದು ಸರಿಹೋಗಿತ್ತು. ನಾಲ್ಕು ಜನ ಗಿರಾಕಿಗಳ ಗಲಾಟೆಯ ನಡುವೆ, ಒಡಕು ಸ್ಪೀಕರಿನಲ್ಲಿ, ಕೂದಲೆಳೆಯಷ್ಟು ತಗ್ಗಿದ ಶ್ರುತಿ ಹಿಡಿದ ಆ ಕಿವಿಗೆ ಏನು ಕೊಟ್ಟರೆ ಸಾಕು? ಅವರು ಮಜೂರಿ ಬೇಡವೆಂದರು. ಎರಡು ಡಜನ್ ಮಾವಿನಹಣ್ಣು ಕೊಳ್ಳಲು ಮಾತ್ರ ಒಪ್ಪಿಸಿದರು, ಪೇಟೆಯ ದರಕ್ಕಿಂತ ಹತ್ತು ರೂಪಾಯಿ ಹೆಚ್ಚಿಗೆ.

ಮರುವರ್ಷ ಎರಡನೆಯ ಅಲೆಯಲ್ಲಿ ಸರ್ಕಾರ ಕಲಾವಿದರಿಗೆ 3,000 ರೂಪಾಯಿ ನೆರವು ಘೋಷಿಸಿದಾಗ ಕಲಾವಿದನೆಂಬುದಕ್ಕೆ ಪುರಾವೆ ಜೋಡಿಸಬೇಕೆಂದು ಹಳೆಯ ಆಹ್ವಾನ ಪತ್ರಿಕೆಗಳನ್ನೆಲ್ಲ ಹರವಿಕೊಂಡೆ. ಒಂದೊಂದರಲ್ಲೂ ಗಾಯಕರ ಹೆಸರು, ಅಧ್ಯಕ್ಷರ ಹೆಸರು, ಪ್ರಸಾದ ವಿನಿಯೋಗ ಮಾಡುವವರ ಹೆಸರು. ನಾನು "ಮತ್ತು ವೃಂದ". ಇಪ್ಪತ್ತು ವರ್ಷದಿಂದ ಊರೂರು ಸುತ್ತಿದ ಈ ಮತ್ತುವೃಂದ ಎಂಬ ಮಹನೀಯನ ಹೆಸರಿನಲ್ಲಿ ಆಧಾರ್ ಇದ್ದಿದ್ದರೆ ಪದ್ಮಪ್ರಶಸ್ತಿಗೇ ಅರ್ಜಿ ಹಾಕಬಹುದಿತ್ತು.

ಇದಕ್ಕೂ ಮೊದಲು, 2020ರ ಜೂನಿನಲ್ಲಿ ಒಂದು ಕಚೇರಿ ಸಿಕ್ಕಿತ್ತು. ಮೈಸೂರಿನಲ್ಲಿ ಮನೆಯಂಗಳದ ಮದುವೆ. ಮದುವೆಗೆ 50 ಜನರ ಮಿತಿ. ವಧುವಿನ ತಂದೆ ಲೆಕ್ಕಪರಿಶೋಧಕರು. ಬಾಗಿಲಲ್ಲೇ ಪಟ್ಟಿ ಹಿಡಿದು ನಿಂತಿದ್ದರು. ಪುರೋಹಿತರು, ವಾಲಗದವರು, ಛಾಯಾಗ್ರಾಹಕ, ಗಾಯಕಿ, ಪಿಟೀಲು ಸೇರಿ 50 ತುಂಬಿತು. ನಾನು 51. ಸೋದರಮಾವನೊಬ್ಬನನ್ನು ಮನೆಗೆ ಕಳಿಸುವ ಸಲಹೆ ಬಂದು, ಆತ ಮುನಿಸಿಕೊಂಡು, ಸಮಾಧಾನವಾಗಿ, ಕೊನೆಗೆ ನನ್ನನ್ನು ಗೋಡೆಯಾಚೆ ಅಡುಗೆಯವರ ಜಗುಲಿಯಲ್ಲಿ ಕೂರಿಸಿದರು. ಅಡುಗೆಯವರು ಲೆಕ್ಕಕ್ಕೆ ಬರುವುದಿಲ್ಲವಂತೆ. ಕಿಟಕಿ ತೆರೆದಿತ್ತು. ಒಳಗೆ ಹತ್ತಡಿ ದೂರದಲ್ಲಿ ಗಾಯಕಿಯವರ ಬೆನ್ನು ಕಾಣುತ್ತಿತ್ತು. ಹತ್ತಡಿ ಬರಲು ಶಬ್ದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಅವರು ಪಲ್ಲವಿಗೆ ಉಸಿರೆಳೆದುಕೊಂಡಾಗ ಹೆಗಲು ಏರಿದ್ದನ್ನು ಕಂಡೆ, ಕೈ ತಾನಾಗಿಯೇ ಬಿತ್ತು. ಮಾಸ್ಕಿನೊಳಗೆ ನಾನು ಒಬ್ಬನೇ "ಭಲೇ" ಎಂದುಕೊಂಡೆ. ರವೆಗೂ ಅಂದು ಬರವಿರಲಿಲ್ಲ. ಕೇಸರಿಬಾತಿಗೆಂದು ತೆಗೆದಿಟ್ಟ ಮೂಟೆ ಮೊಣಕೈಗೇ ತಾಗುತ್ತಿತ್ತು.

ಮುಖ್ಯ ಕೃತಿಯ ನಂತರ ಗಾಯಕಿಯವರು ಕಿಟಕಿಯ ಕಡೆ ತಿರುಗಿ ಕೈಸನ್ನೆ ಮಾಡಿದರು. ತನಿ ಆವರ್ತನ. ನಾನು ಸರ್ವಲಘು ಹಿಡಿದೆ. ಒಳಗೆ, ಎಲ್ಲ ಕಾಲದ ಎಲ್ಲ ಸಭಿಕರ ಹಾಗೆಯೇ, ಜನ ಒಬ್ಬೊಬ್ಬರಾಗಿ ಏಳತೊಡಗಿದರು. ವರನ ತಂದೆ ಎದ್ದರು, ಮುನಿಸಿಕೊಂಡಿದ್ದ ಸೋದರಮಾವ ಎದ್ದ, ಛಾಯಾಗ್ರಾಹಕನೂ ಎದ್ದ. ಕಾಫಿಯ ಡ್ರಮ್ಮು ಇದ್ದದ್ದು ಜಗುಲಿಯಲ್ಲಿ, ನನ್ನ ಮಗ್ಗುಲಿಗೆ. ಅಂತರ ಕಾಯ್ದುಕೊಂಡು ಸಾಲಿನಲ್ಲಿ ನಿಲ್ಲಬೇಕೆಂಬ ನಿಯಮ ಬೇರೆ. ಕೊನೆಯ ಕೋರ್ವೆ ಮುಗಿಯುವವರೆಗೂ ಯಾರೂ ಕದಲಲಿಲ್ಲ.